ಅವದ್ ನಿಂತ ಜಾಗ

"ಅಲ್ಲಿ ಅಪ್ಪ ಬೇಕೆಂದೇ ನಿಂತದ್ದೋ, ಶಬ್ದ ಸಿಗದೆ ನಿಂತದ್ದೋ? ಪಕ್ಕದಲ್ಲಿದ್ದವಳು ನೀನೊಬ್ಬಳೇ. ನಿನ್ನ ದನಿಯಲ್ಲೇ ಹೇಳಿ ಕಳಿಸು" ಎಂದು ಕಡಲಾಚೆಯಿಂದ ನೂರಿಯಾ ಅರಬ್ಬಿಯಲ್ಲಿ ಕೇಳಿ ಮೂರು ದಿನವಾಗಿತ್ತು. ಮಕ್ತುಮಬಿ ಉತ್ತರ ಕೊಟ್ಟಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಾಗಲಕೋಟೆಯ ನವನಗರದ ತನ್ನ ಒಂಟಿಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ ಇನ್ನೊಮ್ಮೆ ಎಳೆದು ನೋಡಿ ದವಾಖಾನೆಯ ದಾರಿ ಹಿಡಿದಾಗಲೂ ಆ ಪ್ರಶ್ನೆ ಜೇಬಿನೊಳಗಿನ ಫೋನಿನಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ಮತ್ತೆ ಕೇಳಬೇಕೆನಿಸಿತು. ನಲವತ್ತೊಂಬತ್ತು ವರ್ಷದ ನರ್ಸು ಕಿವಿಗೆ ವಾಯರು ಸಿಕ್ಕಿಸಿಕೊಂಡು ಒಬ್ಬಳೇ ನಡೆಯುವುದನ್ನು ನೋಡಿದರೆ ಹಾಲಿನವನು ಏನೆಂದುಕೊಂಡಾನು ಎನಿಸಿ ಕೈ ಹಿಂದೆ ಬಂತು. ಮುಳುಗಡೆಯಾದ ಊರಿನವರಿಗಾಗಿ ಕಟ್ಟಿದ ಈ ಸೆಕ್ಟರುಗಳಲ್ಲಿ ಓಣಿಗಳೆಲ್ಲ ಒಂದರಂತೆ ಒಂದು. ಹತ್ತು ವರ್ಷವಾದರೂ ಒಮ್ಮೊಮ್ಮೆ ಅವಳು ಬೇರೆಯವರ ಗೇಟಿಗೆ ಕೈ ಹಾಕುತ್ತಾಳೆ. ಎದುರಾದವರು ಸಿಸ್ಟರ್ ಎನ್ನುತ್ತಾರೆ. ಹೆಸರು ಹಿಡಿದು ಕರೆಯುವವರಿಲ್ಲ. ನೂರಿಯಾ ಹೆಸರು ಹಿಡಿದಿದ್ದಳು. ಅಲ್ಲಿಯವರು ಹಿಡಿಯುತ್ತಿದ್ದ ಹಾಗೆ, ನಡುವಿನ ಅಕ್ಷರವನ್ನು ಎಳೆದು, ಮಕ್ತೂಮ್ ಎಂದು. ಹಾಗಂದರೆ ಅವರ ಮಾತಿನಲ್ಲಿ ಮುಚ್ಚಿಟ್ಟದ್ದು ಎಂದರ್ಥ. ಅರಬ್ಬರ ನಾಡಿನ ಹದರಮೌತದ ಆ ಕಣಿವೆಯ ಆಸ್ಪತ್ರೆಗೆ ಹೊಸದಾಗಿ ಹೋದಾಗ, ಇಂಥ ಹೆಸರನ್ನು ಯಾವ ತಂದೆ ಇಟ್ಟಾನು ಎಂದು ರೋಗಿಗಳು ನಗುತ್ತಿದ್ದರು. ತನ್ನೂರು ಇಳಕಲ್ಲಿನಲ್ಲಿ ಅದು ಅಜ್ಜಿಯ ಹೆಸರು, ಓಣಿಯಲ್ಲಿ ಇನ್ನೂ ಮೂವರ ಹೆಸರು, ಅದಕ್ಕೊಂದು ಅರ್ಥವಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ನೂರಿಯಾ ಪ್ರಶ್ನೆಯ ಜೊತೆಗೆ ಒಂದು ವಿಡಿಯೋ ಕಳಿಸಿದ್ದಳು. ದವಾಖಾನೆಯ ಹಿಂಬದಿಯ ಮೆಟ್ಟಿಲಲ್ಲಿ, ನೀರಿನ ಟಾಕಿಯ ಮರೆಗೆ ನಿಂತು, ಮಕ್ತುಮಬಿ ಅದನ್ನು ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ ನೋಡಿದಳು. ಗೈಲ್ ಸಾಲಿಮ್ ಎಂಬ ಆ ಸಣ್ಣ ಊರಿನ ಮದುವೆ ಮನೆಯ ಅಂಗಳ. ಚಾಪೆಯ ಮೇಲೆ ಗಂಡಸರ ಸಾಲು. ನಡುವೆ ಗಡ್ಡ ಈಗಷ್ಟೇ ಬಂದ ಹಾಡುಗಾರ. ಅವನು ಕಣ್ಣು ಮುಚ್ಚಿ ದಾನ್ ದಾನ್ ಎಂದು ಧಾಟಿ ಹಿಡಿಯುತ್ತಾನೆ, ಎರಡು ಸಾಲು ಹಾಡುತ್ತಾನೆ, ಮೂರನೆಯ ಸಾಲಿನ ಕೊನೆಗೆ ಬಂದು ನಿಲ್ಲುತ್ತಾನೆ. ನಿಂತು, ತಲೆಯನ್ನು ಎಡಕ್ಕೆ ಹೊರಳಿಸುತ್ತಾನೆ. ಎಡಕ್ಕೆ ಯಾರೂ ಇಲ್ಲ. ನಾಲ್ಕು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ನೆರೆದವರೆಲ್ಲ ಒಟ್ಟಿಗೆ ಆಹ್ ಎನ್ನುತ್ತಾರೆ, ಅವನು ದಾನ್ ಎಂದು ಮತ್ತೆ ಎತ್ತಿಕೊಳ್ಳುತ್ತಾನೆ. ಇದಕ್ಕೀಗ ಗೈಲಿನ ರೀತಿ ಎಂದೇ ಹೆಸರು ಬಿದ್ದಿದೆ ಎಂದಿದ್ದಳು ನೂರಿಯಾ. ಕಣಿವೆಯುದ್ದಕ್ಕೂ ಮದುವೆಗಳಲ್ಲಿ ಹೀಗೆಯೇ ಹಾಡುತ್ತಾರಂತೆ, ಬೇರೆ ಹಾಡುಗಳಲ್ಲೂ ಮೂರನೆಯ ಸಾಲಿಗೆ ನಿಲ್ಲುತ್ತಾರಂತೆ. ಇದು ನನ್ನ ಅಪ್ಪ ಅವದ್ ಕೊನೆಗಾಲದಲ್ಲಿ ಕಂಡುಕೊಂಡ ದಾರಿ ಎಂದು ಅಣ್ಣ ಫರಜ್ ಕರೆದಲ್ಲೆಲ್ಲ ಹೋಗಿ ಹೇಳಿ ಬರುತ್ತಾನಂತೆ. ಬಾಯಿಂದ ಆಡಬಾರದ ಹೆಸರೊಂದು ಆ ಜಾಗದಲ್ಲಿದೆ ಎಂದು ಓದಿದವರೊಬ್ಬರು ಬರೆದೂ ಇದ್ದಾರಂತೆ. ಈಗ ಹುಡುಗರಿಗೆ ಕಲಿಸಲು ಒಂದು ಶಾಲೆ ತೆರೆಯುತ್ತಿದ್ದಾರೆ. ಅಪ್ಪ ಆಸ್ಪತ್ರೆಗೆ ಬೀಳುವ ಮೊದಲು ಹಾಗೆ ಎಂದೂ ನಿಂತವನಲ್ಲ ಎಂದು ನಾನು ಹೇಳಿದರೆ, ಹೆಂಗಸು ನೀನು, ಗಂಡಸರ ಕೂಟದಲ್ಲಿ ಕೂತು ಯಾವಾಗ ಕೇಳಿದ್ದೆ ಎನ್ನುತ್ತಾರೆ. ನೀನು ಹೇಳು, ಮಕ್ತೂಮ್. ಅಪ್ಪನ ಆ ಹಾಡನ್ನು ಫೋನಿನಲ್ಲಿ ಹಿಡಿದವಳು ನೀನು.

ಡಯಾಲಿಸಿಸ್ ವಾರ್ಡಿನಲ್ಲಿ ಮಂಗಳವಾರ ಮತ್ತು ಶುಕ್ರವಾರ ಮೂರನೆಯ ಮಂಚ ಚಂದಪ್ಪನದು. ಹುನಗುಂದದ ಆಚೆಗಿನ ಮರೋಳದಿಂದ ಮೊದಲ ಬಸ್ಸಿಗೆ ಹೆಂಡತಿ ಹನಮವ್ವನ ಜೊತೆ ಬರುತ್ತಾನೆ. ಕುರಿ ಸಾಕಿದವನು, ಬೀರಪ್ಪನ ಡೊಳ್ಳಿನ ಪದ ಹಾಡಿದವನು, ಈಗ ಆ ಎರಡೂ ಕೈಬಿಟ್ಟಿವೆ. ಡೊಳ್ಳು ಕಟ್ಟಿಕೊಳ್ಳುತ್ತಿದ್ದ ಹೆಗಲ ಕೆಳಗೆ, ತೋಳಿನಲ್ಲಿ, ಮಕ್ತುಮಬಿ ವಾರಕ್ಕೆರಡು ಸಲ ದಪ್ಪ ಸೂಜಿ ಚುಚ್ಚುತ್ತಾಳೆ. ಅವತ್ತು ಸೂಜಿ ಒಂದೇ ಸಲಕ್ಕೆ ಕೂಡಲಿಲ್ಲ. ಎರಡನೆಯ ಸಲ ಚುಚ್ಚಬೇಕಾಯಿತು.

"ಏನ್ರಿ ಸಿಸ್ಟರ್, ಇವತ್ತ ನಿಮ್ಮ ಧ್ಯಾನ ಇಲ್ಲಿಲ್ಲ" ಎಂದ ಚಂದಪ್ಪ.

"ಚಂದಪ್ಪಣ್ಣ, ಒಂದ್ ಹಾಡ ಕೇಳ್ತೀರೇನ್ರಿ? ನಮ್ಮ ಕಡೀದಲ್ಲ."

ಯಾಕೆ ಕೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ಹತ್ತು ವರ್ಷದಲ್ಲಿ ಆ ಕಣಿವೆಯ ಏನನ್ನೂ ಯಾರಿಗೂ ತೋರಿಸಿದ್ದಿಲ್ಲ. ಚಂದಪ್ಪ ಫೋನನ್ನು ಬಿಡುವಿದ್ದ ಕೈಯಿಂದ ಎದೆಯ ಮೇಲಿಟ್ಟುಕೊಂಡು, ನೋಡದೆ, ಛಾವಣಿಗೆ ಕಣ್ಣು ನೆಟ್ಟು ಕೇಳಿದ. ಬೆರಳು ಮಂಚದ ಕಬ್ಬಿಣದ ಮೇಲೆ ಮೆಲ್ಲಗೆ ಬಡಿಯತೊಡಗಿತು. ಎರಡನೆಯ ಸಾಲಿನಲ್ಲಿ ಅದು ಲೆಕ್ಕ ಹಿಡಿಯಿತು. ಮೂರನೆಯ ಸಾಲಿಗೆ ಹಾಡು ನಿಂತಾಗ ಬೆರಳೂ ಮೇಲೆಯೇ ನಿಂತಿತು, ಹಾಡು ಮತ್ತೆ ಬರುವವರೆಗೂ ಕೆಳಗಿಳಿಯಲಿಲ್ಲ.

"ಅಬಬಬ" ಎಂದ ಚಂದಪ್ಪ. "ಅಲ್ಲಿ ನಿಂತಾನಲ್ರಿ, ಅದು ಭಾಳ ಛಲೋ ಐತಿ. ಎದಿ ಖಾಲಿ ಮಾಡಿ ಇಟ್ಟಾಂಗಾತು. ಹಿಂಗ ನಿಂದರಾಕ ನಮಗ ಬರಲಿಲ್ಲ ನೋಡ್ರಿ. ನಾವು ಸುಮ್ಮನ ಬಡದ್ವಿ ಬಡದ್ವಿ."

"ಮೊದಲ ಹಾಡಿದಾಂವ ಬೇಕಂತ ನಿಂತದ್ದಲ್ರಿ" ಎಂದುಬಿಟ್ಟಳು. ಹನಮವ್ವ ತಲೆಯೆತ್ತಿ ನೋಡಿದಳು. ದನಿ ಅಷ್ಟು ಗಟ್ಟಿಯಾಗಿ ಬಂದಿತ್ತು.

ಬೇಕೆಂದು ನಿಂತಿರಲಿಲ್ಲ. ಗೈಲಿನ ಆಸ್ಪತ್ರೆಯ ಎರಡನೆಯ ಕೋಣೆಗೆ ಅವದ್‌ನನ್ನು ತಂದಾಗ ಅವನ ಬಲಗೈ ಬಲಗಾಲು ಬಿದ್ದಿದ್ದವು, ಬಾಯಿ ಒಂದು ಕಡೆ ಜಾರಿತ್ತು, ಮಾತು ಪೂರ್ತಿ ಹೋಗಿತ್ತು. ನೀರು ಎನ್ನಲು ಬರುತ್ತಿರಲಿಲ್ಲ. ಮಗಳನ್ನು ನೂರಿಯಾ ಎನ್ನಲು ಬರುತ್ತಿರಲಿಲ್ಲ, ಎದುರಿಗಿದ್ದವಳನ್ನು ಕಂಡು ಬಾಯಿ ತೆರೆದು, ಮುಚ್ಚಿ, ಸಿಟ್ಟಿನಿಂದ ಎಡಗೈಯಲ್ಲಿ ಮಂಚವನ್ನು ಗುದ್ದುತ್ತಿದ್ದ. ಹನ್ನೆರಡನೆಯ ದಿನ ಬೆಳಿಗ್ಗೆ ಮಕ್ತುಮಬಿ ಮೈ ಒರೆಸುತ್ತಿದ್ದಾಗ ಅವನ ಗಂಟಲಿನಿಂದ ದಾನ್ ಎಂದು ಬಂತು. ಮತ್ತೊಮ್ಮೆ ದಾನ್. ಆಮೇಲೆ ಇಡೀ ಒಂದು ಸಾಲು, ಮಾತಿನ ಸಮೇತ. ಮಾತು ಸತ್ತವರಿಗೂ ಹಾಡಿನೊಳಗಿನ ಮಾತು ಉಳಿದಿರಬಹುದೆಂದು ಡಾಕ್ಟರು ಆಮೇಲೆ ಹೇಳಿದರು. ದಾನ್ ಅನ್ನುವುದಕ್ಕೆ ಅರ್ಥವಿಲ್ಲ, ಅದು ಧಾಟಿಯನ್ನು ಹಿಡಿದುಕೊಳ್ಳುವ ಹಿಡಿಕೆ ಮಾತ್ರ ಎಂದು ಅವಳಿಗೆ ಹೇಳಿದ್ದು ನೂರಿಯಾ. ಬಾವಿಯಿಂದ ನೀರೆಳೆಯುವವರು, ಒಂಟೆಯ ಹಿಂದೆ ನಡೆಯುವವರು ಹಾಡಿಕೊಳ್ಳುತ್ತಿದ್ದದ್ದು ನಿಧಾನಕ್ಕೆ ಕೂಟದ ಹಾಡಾಯಿತಂತೆ. ಹಾಡುಗಾರ ಬರೀ ದಾನ್ ಎಂದು ಧಾಟಿ ಕೊಡುತ್ತಾನೆ, ಕೂತ ಕವಿ ಅಲ್ಲೇ ಒಂದು ಸಾಲು ಕಟ್ಟುತ್ತಾನೆ, ಅದನ್ನು ಹಾಡುಗಾರನ ಕಿವಿಗೆ ಮುಟ್ಟಿಸಲು ಒಬ್ಬ ಇರುತ್ತಾನೆ, ಸಾಲು ಹೇಳಿಕೊಡುವವನು. ಅವನು ಹಾಡುಗಾರನ ಎಡಕ್ಕೆ ಕೂರುತ್ತಾನೆ. ಅವನು ಹೇಳಿದ್ದನ್ನು ಹಾಡುಗಾರ ಧಾಟಿಗೆ ಹಾಕುತ್ತಾನೆ. ಐವತ್ತು ವರ್ಷ ಅವದ್ ಹಾಗೆ ಹಾಡಿದ್ದ. ಮೂರನೆಯ ಸಾಲಿನ ಕೊನೆಯ ಶಬ್ದ ಬಾಯಿಗೆ ಬಾರದಿದ್ದಾಗ ಅವನು ತಿರುಗಿದ್ದು ಅದಕ್ಕೇ, ಎಡಕ್ಕೆ. ಅಲ್ಲಿ ಮಕ್ತುಮಬಿ ನಿಂತಿರುತ್ತಿದ್ದಳು. ಬಿದ್ದ ಕೈಗೆ ಸಲಾಯಿನ್ ಹಾಕಬಾರದೆಂದು ಅವಳ ಸ್ಟ್ಯಾಂಡು ಎಡಕ್ಕಿತ್ತು, ಅಷ್ಟೇ ಕಾರಣ. ಅವನು ಅವಳ ಮುಖ ನೋಡುತ್ತಿದ್ದ. ಅವಳಿಗೆ ಜ್ವರ, ನೋವು, ಉಂಡಿರಾ, ಉಸಿರು ಬಿಡಿ ಎನ್ನುವಷ್ಟು ಅರಬ್ಬಿ ಬರುತ್ತಿತ್ತು. ಅವನ ಕಣ್ಣಲ್ಲಿ ನೀರು ತುಂಬುತ್ತಿತ್ತು. ಮತ್ತೆ ದಾನ್ ಎಂದು ಮೊದಲಿನಿಂದ ಶುರು ಮಾಡುತ್ತಿದ್ದ.

"ಹಂಗಾದ್ರ ಹೇಳಿಬಿಡ್ರಿ ಆ ಹುಡುಗಿಗೆ" ಎಂದ ಚಂದಪ್ಪ ಎಲ್ಲ ಕೇಳಿ. "ಖರೆ ಇದ್ದದ್ದು ಹೇಳಾಕ ಏನೈತಿ? ಲಕ್ವಾ ಹೊಡದಿತ್ತು, ಮಾತ ಸಿಗಲಿಲ್ಲ, ನಿಂತ. ಮುಗೀತು."

ಮುಗಿಯಲಿಲ್ಲ. ಆಕೆ ಹೇಳಬೇಕಾದ್ದು ಅಷ್ಟೇ ಆಗಿದ್ದರೆ ಮೂರು ದಿನ ಬೇಕಿರಲಿಲ್ಲ. ಮಷೀನಿನ ಕೊಳವೆಯಲ್ಲಿ ರಕ್ತ ಹೋಗಿ ರಕ್ತ ಬರುವುದನ್ನು ನೋಡುತ್ತ ಅವಳು ಆ ಮಧ್ಯಾಹ್ನವನ್ನು ನೋಡಿದಳು. ಹನ್ನೆರಡು ಗಂಟೆಗಳ ಪಾಳಿ, ಹೊರಗೆ ಸುಡುವ ಮಣ್ಣಿನ ಬಣ್ಣದ ಬೆಟ್ಟ, ಊರಿನಿಂದ ಎರಡು ವಾರ ಫೋನಿಲ್ಲ. ಎರಡನೆಯ ಕೋಣೆಯಲ್ಲಿ ಮುದುಕ ಏಳನೆಯ ಸಲ ದಾನ್ ದಾನ್ ಎಂದು ಹಿಡಿದಿದ್ದ. ಅದು ಅವಳಿಗೆ ಥೇಟ್ ಇಳಕಲ್ಲಿನ ತನ್ನ ಅಣ್ಣನ ಮಗು ಮತೀನ ಹಟ ಮಾಡಿದಾಗ ಫೋನಿನಲ್ಲಿ ರಾಗ ಎಳೆಯುವಂತೆ ಕೇಳಿಸಿತು. ಅತ್ತಿಗೆ ಲಾಲಬಿಗೆ ಕಳಿಸೋಣ, ನಗಲಿ, ಎರಡು ಮಾತು ಬರೆಯಲಿ ಎನಿಸಿ ಫೋನು ತೆಗೆದು ಹಿಡಿದಳು. ಮೂರನೆಯ ಸಾಲಿಗೆ ಅವದ್ ನಿಂತ, ಅವಳತ್ತ ತಿರುಗಿದ, ಬಾಯಿ ಜಾರಿತು, ಜೊಲ್ಲು ಇಳಿಯಿತು. ಅವಳಿಗೆ ನಗು ಬಂತು. ತಡೆಯಬಹುದಿತ್ತು. ಅವಳು ತಡೆಯಲಿಲ್ಲ.

"ನಾ ನಕ್ಕಿದ್ನಿರಿ" ಎಂದಳು.

ಚಂದಪ್ಪ ಎದೆಯ ಮೇಲಿನ ಫೋನನ್ನು ಹಾಸಿಗೆಗೆ ಇಳಿಸಿದ. ಆಮೇಲೆ, ಬೈಯುವ ದನಿಯಲ್ಲಲ್ಲ, ದಾರಿ ಕೇಳುವವನ ದನಿಯಲ್ಲಿ, "ನೀವು ನಕ್ಕದ್ದು ಅವಗ ಕೇಳಿತ್ತೇನ್ರಿ?" ಎಂದ.

ಮಕ್ತುಮಬಿ ನಾಲ್ಕನೆಯ ಮಂಚದ ಬೀಪ್ ನಿಲ್ಲಿಸಲು ಹೋದಳು. ಅದು ಬೀಪ್ ಮಾಡುತ್ತಿರಲಿಲ್ಲ. ಅಲ್ಲಿಂದ ಸಾಮಾನಿನ ಕೋಣೆಗೆ ಹೋಗಿ, ಹತ್ತಿಯ ಉಂಡೆಗಳ ನಡುವೆ ನಿಂತಳು. ಕೇಳಿತ್ತು. ಕೇಳಿದ್ದಕ್ಕೆ ಅವನು ಮುಖವನ್ನು ಗೋಡೆಗೆ ತಿರುಗಿಸಿದ್ದ. ಅವತ್ತಿನಿಂದ ಮನೆಗೆ ಹೋಗುವವರೆಗೆ, ಹತ್ತೊಂಬತ್ತು ದಿನ, ಅವದ್ ಮತ್ತೆ ದಾನ್ ಎನ್ನಲಿಲ್ಲ. ನೂರಿಯಾ ಬಂದು ಬಂದು ಕೇಳುತ್ತಿದ್ದಳು, ಇವತ್ತು ಹಾಡಿದನೇ, ಇವತ್ತು? ದಣಿವು, ಔಷಧಿಯ ನಿದ್ದೆ ಎನ್ನುತ್ತಿದ್ದಳು ಮಕ್ತುಮಬಿ, ಚಾದರು ಸರಿಮಾಡುತ್ತ. ಮರುವರ್ಷ ಯುದ್ಧ ಬಂತು, ಹಡಗು ಹತ್ತಿಸಿ ಊರಿಗೆ ಕಳಿಸಿದರು. ಬಂದ ಮೇಲೆ ಗೊತ್ತಾಯಿತು, ಅವದ್ ತೀರಿಕೊಂಡು ಆಗಲೇ ತಿಂಗಳುಗಳಾಗಿದ್ದವು. ಅವಳ ಫೋನಿನಿಂದ ಆ ವಿಡಿಯೋವನ್ನು ಕೇಳಿ ಪಡೆದಿದ್ದ ಎಕ್ಸ್‌ರೇ ಕೋಣೆಯವನು ಕೊನೆಯ ನಗುವನ್ನು ಕತ್ತರಿಸಿ, ಹಾಡಿನಷ್ಟನ್ನೇ ಫರಜ್‌ನಿಗೆ ಕೊಟ್ಟಿದ್ದ. ಅಪ್ಪನ ಕೊನೆಯ ಹಾಡೆಂದು ಫರಜ್ ಅದನ್ನು ಊರಿಗೆ ಹಂಚಿದ. ಕೊನೆಯ ಹಾಡು! ಕಣಿವೆಯವರೆಲ್ಲ ನಿಂತು ಆಹ್ ಎನ್ನುವ ಆ ಹಾಡು ಕೊನೆಯದಾದದ್ದು ಯಾಕೆಂದು ಅವಳಿಗೊಬ್ಬಳಿಗೇ ಗೊತ್ತು. ಅವನು ಇನ್ನೊಂದು ನೂರು ಸಲ ಶುರು ಮಾಡಿದ್ದರೆ ಆ ಶಬ್ದ ಸಿಗುತ್ತಿತ್ತೇನೋ. ಹಾಡಿನ ಬಾಯಿಗೆ ಬೀಗ ಹಾಕಿ, ಎಳೆದು ನೋಡಿ, ಬಂದವಳು ತಾನು.

ಭಾನುವಾರ ಅವಳು ಇಳಕಲ್ಲಿನ ಬಸ್ಸು ಹತ್ತಿದಳು. ಕತ್ತರಿಸದ ವಿಡಿಯೋ ಇದ್ದದ್ದು ಹಳೆಯ ಫೋನಿನಲ್ಲಿ, ಅದು ಇದ್ದದ್ದು ಅಣ್ಣ ಮಲೀಕಸಾಬನ ಮನೆಯ ಟ್ರಂಕಿನಲ್ಲಿ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡಳು. ಹುನಗುಂದ ದಾಟಿದ ಮೇಲೆ, ಯಾಕೋ ಅದು ಲಂಚದ ಹಾಗೆ ಕಂಡು, ಚೀಲದ ಅಡಿಗೆ ತಳ್ಳಿದಳು. ಮನೆಯ ಎರಡೂ ಬದಿಯಿಂದ ಮಗ್ಗದ ಸದ್ದು. ಹಿಂದೆ ಅವಳದಾಗಿದ್ದ ಒಳಕೋಣೆಯಲ್ಲಿ ಈಗ ಫ್ರಿಜ್ಜು, ಹೊಲಿಗೆ ಯಂತ್ರ, ಮಡಿಚಿಟ್ಟ ಸೀರೆಗಳ ಕಟ್ಟು. ಟ್ರಂಕಿನ ಮೇಲೆ ಹೊರಿಸಿದ್ದನ್ನೆಲ್ಲ ಇಳಿಸಿಕೊಡುತ್ತ ಲಾಲಬಿ, "ಅಷ್ಟು ದೂರದಿಂದ ಒಂದು ಒಡಕ ಫೋನಿಗೆ ಬಂದ್ಯಾ? ಹೇಳಿದ್ರ ಖುಶನುಮಾನ ಕೈಯಾಗ ಕೊಟ್ಟು ಕಳಸ್ತಿದ್ನಿ" ಎಂದಳು. ಖುಶನುಮಾ ಮಗಳು, ಬಾಗಲಕೋಟೆಯ ಕಾಲೇಜಿಗೆ ದಿನಾ ಬರುತ್ತಾಳೆ. ಎರಡು ವರ್ಷದಲ್ಲಿ ಅತ್ತೆಯ ಕೋಣೆಗೆ ಒಮ್ಮೆಯೂ ಬಂದಿಲ್ಲ.

"ಅದರಾಗ ಆ ಮುದುಕಂದು ವಿಡಿಯೋ ಐತಿ. ಹಾಡ್ತಿದ್ದ ನೋಡ, ನಿನಗ ಕಳಿಸಿದ್ನೆಲ್ಲ."

"ಹೂಂನವಾ! ದಾನ್ ದಾನ್ ಮುದುಕ!" ಲಾಲಬಿಯ ಮುಖ ಅರಳಿತು. "ಮತೀನ ಅಳಾಕ ಹತ್ತಿದಾಗೆಲ್ಲಾ ಅದನ್ನ ಹಚ್ಚಿ ಕೊಡ್ತಿದ್ವಿ. ಕೈ ಹೊಡದ ಹೊಡದ ನಗ್ತಿದ್ದ. ನೀ ನಗೂದು ಬರ್ತದಲ್ಲ ಕಡೀಕ, ಅದು ಬಂದ ಕೂಡ್ಲೇ, ಫುಪ್ಪು, ಫುಪ್ಪು, ಅಂತಿದ್ದ. ಅತ್ತಿ ಅಂತ ನಿನ್ನ ಗುರತು ಹಿಡದದ್ದ ಅದ್ರಿಂದ."

ಮಕ್ತುಮಬಿ ಟ್ರಂಕಿನ ಮುಚ್ಚಳ ಹಿಡಿದು ಕೂತಳು. ಹಾಗಾದರೆ ಈ ಮನೆಯಲ್ಲಿ ತನ್ನದೆಂದು ಉಳಿದದ್ದು ಆ ನಗೆ. ಹಡಗಿಳಿದು ಬಂದ ದಿನ ಐದು ವರ್ಷದ ಮತೀನ ಓಡಿ ಬಂದು ಕಾಲಿಗೆ ಸುತ್ತಿಕೊಂಡಿದ್ದು, ನೋಡೇ ಇಲ್ಲದ ಹುಡುಗನಿಗೆ ಇಷ್ಟೊಂದು ಪ್ರೀತಿ ಎಲ್ಲಿಂದ ಬಂತೆಂದು ಅವಳು ಹಿಗ್ಗಿದ್ದು! ಪ್ರೀತಿ ಬಂದದ್ದು ಅಲ್ಲಿಂದ. ಲಾಲಬಿ ಚಹಾ ಕುದಿಸಲು ಹೋದಳು. ಅಣ್ಣ ಬಂದು, ಆರಾಮಿದ್ದೀಯಾ ಎಂದು ಕೇಳಿ, ಉತ್ತರ ಬರುವ ಮೊದಲೇ ಗಿರಾಕಿಯ ಫೋನಿಗೆ ಹೊರಗೆ ಹೋದ. ಫ್ರಿಜ್ಜಿನ ಪಕ್ಕದ ಪ್ಲಗ್ಗಿಗೆ ಚುಚ್ಚಿದ ಹಳೆಯ ಫೋನು ಮುಕ್ಕಾಲು ಗಂಟೆಯ ಮೇಲೆ ಕಣ್ಣು ತೆರೆಯಿತು. ಬಾಗಿಲು ಮುಂದೆ ಮಾಡಿಕೊಂಡು ಅವಳು ಅದನ್ನು ಕಿವಿಗೆ ಹಿಡಿದಳು. ದಾನ್. ಎರಡು ಸಾಲು. ಈಗ ಅವಳಿಗೆ ಮಾತು ತಿಳಿಯುತ್ತಿತ್ತು, ನೂರಿಯಾ ಅರ್ಥ ಹೇಳಿದ್ದಳು. ಊರು ಬಿಟ್ಟು ಕಡಲು ದಾಟಿದವನ ಹಾಡು ಅದು: ಮನೆ ಮರೆತೆ, ಬಾಗಿಲು ಮರೆತೆ, ಇಷ್ಟು ವರ್ಷದ ಮೇಲೂ ನನ್ನ ಅಂಗೈಯಲ್ಲಿ ಉಳಿದದ್ದು… ಅಲ್ಲಿ ನಿಲ್ಲುತ್ತಿತ್ತು. ಅದರ ನಂತರ ನಗು. ಸಣ್ಣದಿರಬಹುದೆಂದು ಹತ್ತು ವರ್ಷ ನೆನೆಸಿಕೊಂಡಿದ್ದಳು. ಸಣ್ಣದಿರಲಿಲ್ಲ. ನಲವತ್ತಾಗದ ಹೆಂಗಸೊಬ್ಬಳು, ಕೆಲಸದಿಂದ ದಣಿದವಳು, ಹೊಟ್ಟೆಯಿಂದ, ಸಂತೋಷದಿಂದ ನಗುತ್ತಿದ್ದಳು. ಇಷ್ಟು ತುಂಬಿ ತಾನು ಆಮೇಲೆ ಎಂದಾದರೂ ನಕ್ಕಿದ್ದೆನೇ ಎಂಬ ಯೋಚನೆ ಬಂದು, ಅಂಥ ಯೋಚನೆ ಬಂದದ್ದಕ್ಕೆ ಅವಳಿಗೆ ಹೇಸಿಗೆಯಾಯಿತು.

ಊಟಕ್ಕಿರು ಎಂದರು. ಇರಲಿಲ್ಲ. ಕರದಂಟು ಕೊಡುವುದು ಮರೆತುಹೋಗಿ ಚೀಲದಲ್ಲೇ ಉಳಿಯಿತು. ಇಳಕಲ್ ಬಸ್ ನಿಲ್ದಾಣದ ಕಲ್ಲುಬೆಂಚಿನ ತುದಿಯಲ್ಲಿ ಕೂತು, ಹುನಗುಂದ ಅಮೀನಗಡ ಬಾಗಲಕೋಟ ಎಂದು ಕಂಡಕ್ಟರು ಕೂಗುತ್ತಿರುವಾಗ, ಫೋನನ್ನು ಬಾಯಿಯ ಹತ್ತಿರ ಹಿಡಿದು ಅವಳು ತನ್ನ ಹರಕು ಅರಬ್ಬಿಯಲ್ಲಿ ಹೇಳಿದಳು. ಬೇಕೆಂದು ನಿಂತದ್ದಲ್ಲ. ಕಾಯಿಲೆ. ಎಡಕ್ಕೆ ತಿರುಗಿದ್ದು ಶಬ್ದ ಕೇಳಲು. ಅಲ್ಲಿ ನಾನಿದ್ದೆ. ನನ್ನ ಹತ್ತಿರ ಶಬ್ದ ಇರಲಿಲ್ಲ. ನಾನು ನಕ್ಕೆ. ಅವರು ಕೇಳಿಸಿಕೊಂಡರು. ಆಮೇಲೆ ಹಾಡಲಿಲ್ಲ. ದಣಿವು ಎಂದು ನಿನಗೆ ಸುಳ್ಳು ಹೇಳಿದೆ. ಹಾಡು ನಿಂತದ್ದು ನನ್ನಿಂದ. ಕ್ಷಮಿಸು ಎಂಬ ಶಬ್ದವನ್ನು ಮಾತ್ರ ಹೇಳಲಿಲ್ಲ. ಅದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗೆಲ್ಲ ಹೇಳಿ ಹೇಳಿ ಸವೆದ ಶಬ್ದ. ಧ್ವನಿಯನ್ನೂ ಪೂರ್ತಿ ವಿಡಿಯೋವನ್ನೂ ಕಳಿಸಿದಳು. ಬಸ್ಸು ಹೊರಟಾಗ ಎರಡು ಗೀಟುಗಳು ನೀಲಿಯಾದವು. ನೂರಿಯಾ ಕೇಳುತ್ತಿದ್ದಾಳೆ ಎಂದುಕೊಂಡಳು. ಈಗ ನಗು ಬಂದಿರುತ್ತದೆ ಎಂದುಕೊಂಡಳು. ಬಾಗಲಕೋಟೆಯ ಹಿನ್ನೀರು ಕಾಣುವವರೆಗೂ ಏನೂ ಬರಲಿಲ್ಲ. ಸೋಮವಾರವೂ ಬರಲಿಲ್ಲ.

ಮಂಗಳವಾರ ಹತ್ತೂವರೆಯ ಹೊತ್ತಿಗೆ ಚಂದಪ್ಪನಿಗೆ ಕಾಲು ಹಿಡಿದುಕೊಂಡಿತು. ಮಷೀನು ನೀರು ಎಳೆದಾಗ ಒಮ್ಮೊಮ್ಮೆ ಹೀಗಾಗುತ್ತದೆ, ಮೀನಖಂಡ ಕಲ್ಲಾಗಿ ಮನುಷ್ಯ ಚೀರುತ್ತಾನೆ. ಅವಳು ಎಳೆತ ಕಡಿಮೆ ಮಾಡಿ, ಅವನ ಪಾದವನ್ನು ಅಂಗೈಯಲ್ಲಿ ಹಿಂದಕ್ಕೆ ಒತ್ತಿ ಹಿಡಿದಿದ್ದಾಗ ಫೋನು ಬಡಿದುಕೊಂಡಿತು. ನೂರಿಯಾ. ಎರಡೂ ಕೈ ಬಿಡುವಿರಲಿಲ್ಲ.

"ಹನಮವ್ವ, ಒಂದೀಟು ಅದನ್ನ ಒತ್ತಿ ನನ್ನ ಕಿವೀಗೆ ಹಿಡೀರಿ. ಹಸಿರದು, ಹಸಿರದು ಒತ್ತ್ರಿ."

ಹನಮವ್ವ ಎದ್ದು ಬಂದು, ಹಾವು ಹಿಡಿದ ಹಾಗೆ ಫೋನು ಹಿಡಿದು ನಿಂತಳು.

"ಮಕ್ತೂಮ್" ಎಂದಳು ನೂರಿಯಾ. ಹತ್ತು ವರ್ಷದಲ್ಲಿ ದನಿ ದಪ್ಪವಾಗಿತ್ತು. "ನೀನು ಕಳಿಸಿದ್ದನ್ನು ಅಣ್ಣನಿಗೂ ಶಾಲೆಯ ಉಸ್ತಾದರಿಗೂ ಕೇಳಿಸಿದೆ. ಅಣ್ಣ ಎದ್ದು ಹೋದ. ಉಸ್ತಾದ್ ಮಾತ್ರ ಕೂತಿದ್ದರು. ಹಾಗಾದರೆ ಅಲ್ಲಿರಬೇಕಾದ ಶಬ್ದ ಯಾವುದು, ಆ ಕವಿಯೂ ಇಲ್ಲ, ಹೇಳಿಕೊಡುತ್ತಿದ್ದವನೂ ಇಲ್ಲ ಎಂದರು. ನನ್ನ ಹತ್ತಿರ ಇದೆ ಎಂದೆ."

"ನಿನ್ನ ಹತ್ತಿರ?"

"ಅಪ್ಪ ಮನೆಯಲ್ಲಿ ಹಾಡುತ್ತಿದ್ದನಲ್ಲ. ನಿಮ್ಮಲ್ಲಿಂದ ಕರೆತಂದ ಮೇಲೆ ಒಂಬತ್ತು ದಿನ ಸುಮ್ಮನಿದ್ದ. ಹತ್ತನೆಯ ದಿನ ನಾನು ಹಿಟ್ಟು ನಾದುತ್ತಿದ್ದಾಗ ಶುರು ಮಾಡಿದ. ಆಮೇಲೆ ಐದು ತಿಂಗಳು, ಸಾಯುವ ಹಿಂದಿನ ದಿನದವರೆಗೆ, ದಿನಾ ಬೆಳಿಗ್ಗೆ. ಆ ಶಬ್ದ ಎರಡನೆಯ ತಿಂಗಳಲ್ಲಿ ಬಂತು."

ಮಕ್ತುಮಬಿಯ ಅಂಗೈಯಲ್ಲಿ ಚಂದಪ್ಪನ ಪಾದ ಸಡಿಲವಾಗುತ್ತಿತ್ತು. ಅವಳು ಒತ್ತುವುದನ್ನು ಬಿಡಲಿಲ್ಲ. ಹಾಡಿದನೇ? ಸಮಾಧಾನವಾಗಬೇಕಿತ್ತು. ಅದರ ಬದಲು, ತನ್ನ ಚೀಲದಿಂದ ಯಾರೋ ಏನನ್ನೋ ತೆಗೆದುಕೊಂಡ ಹಾಗೆ ಒಂದು ಕಡೆ ಹಗುರಾಗಿ ಮೈ ವಾಲಿತು. ಹತ್ತು ವರ್ಷ ಅವಳು ಇನ್ಯಾರ ಜೊತೆಗೂ ಅಲ್ಲ, ಆ ಮುದುಕನ ಮೌನದ ಜೊತೆ ಸಂಸಾರ ಮಾಡಿದ್ದಳು. ಅದು ಇರಲೇ ಇಲ್ಲ. ಅವನು ಒಂಬತ್ತು ದಿನದಲ್ಲಿ ಅವಳನ್ನು ಮರೆತು, ಹಿಟ್ಟು ನಾದುವ ಮಗಳ ಪಕ್ಕದಲ್ಲಿ ಕೂತು ಹಾಡಿಕೊಂಡಿದ್ದ.

"ಯಾರಿಗೂ ಯಾಕೆ ಹೇಳಲಿಲ್ಲ?"

"ಯಾರು ಕೇಳಿದರು? ಹೆಂಗಸರ ಒಳಮನೆಯಲ್ಲಿ ಮುದುಕ ಹಾಡಿದರೆ ಅದು ಹಾಡಲ್ಲ. ನಿನ್ನ ಫೋನಿನಲ್ಲಿದ್ದದ್ದೇ ಹಾಡು." ಅವಳು ಮುಂದುವರಿಸಿದಳು. "ನಿನ್ನೆ ಬಾಗಿಲ ಹಿಂದೆ ನಿಂತು ಉಸ್ತಾದರಿಗೆ ಹಾಡಿ ತೋರಿಸಿದೆ. ಬರೆದುಕೊಂಡರು. ಹುಡುಗರಿಂದ ಹಾಡಿಸಿದರು. ಹಾಡಿದರು. ಆಮೇಲೆ ಬಹಳ ಹೊತ್ತು ಯೋಚಿಸಿ, ಪುಸ್ತಕದಲ್ಲಿ ಶಬ್ದ ಇರಲಿ, ಬಾಯಲ್ಲಿ ಇದು ಹೀಗೆಯೇ ಇರಲಿ, ಜನ ಈಗ ಆ ಜಾಗಕ್ಕೆ ಕಾಯುತ್ತಾರೆ ಎಂದರು. ನಾನು ಆಗಲಿ ಎಂದೆ."

"ನನ್ನ ನಗು…"

"ಅದು ಬೇರೆ ಮಾತು" ಎಂದಳು ನೂರಿಯಾ. "ಅದನ್ನು ನಾನು ಮರೆಯುವುದಿಲ್ಲ. ಅದನ್ನು ಹೇಳಲು ಫೋನು ಮಾಡಿದ್ದಲ್ಲ. ನೀನು ಪೂರ್ತಿ ಹಾಡು ಕೇಳಿಲ್ಲ. ಕೇಳು."

ಅವಳು ಹಾಡಿದಳು. ಗಂಡಸರ ಎದುರು ಎಂದೂ ಹಾಡದವಳ ದನಿ, ಅಡಿಗೆಮನೆಯ ಅಳತೆಯದು. ದಾನ್ ದಾನ್ ಎಂದು ಧಾಟಿ ಹಿಡಿದು, ಎರಡು ಸಾಲು, ಮೂರನೆಯ ಸಾಲು, ಅಂಗೈಯಲ್ಲಿ ಉಳಿದದ್ದು, ಮತ್ತು ನಿಲ್ಲದೆ ಮುಂದೆ ಹೋಯಿತು. ಶಬ್ದ ಎಲ್ಲಿ ಬಂತೆಂದೇ ಮಕ್ತುಮಬಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಎಂದಳು.

"ಹಬ್ಲ್" ಎಂದಳು ನೂರಿಯಾ ಬಿಡಿಸಿ. "ಹಗ್ಗ. ಬಾವಿಯ ಹಗ್ಗ. ಅಷ್ಟೇ." ಮತ್ತೆ ಹಾಡಿದಳು.

ಹಗ್ಗವೆಂಬ ಶಬ್ದ ಎಲ್ಲ ಶಬ್ದಗಳ ನಡುವೆ ಒಂದು ಶಬ್ದವಾಗಿ ಬಂದು ಹೋಯಿತು. ಆಡಬಾರದ ಹೆಸರಲ್ಲ, ದೇವರಲ್ಲ, ಬಿಟ್ಟುಬಂದ ಹೆಣ್ಣಲ್ಲ. ಇಡಿಯಾದ ಹಾಡು ಕೇಳಲು ಸಾದಾ ಇತ್ತು. ಮುರುಕು ಹಾಡಿನಷ್ಟು ಚೆನ್ನಾಗಿರಲಿಲ್ಲ. ಹೀಗನಿಸಿದ್ದಕ್ಕೆ ಅವಳು ನಾಚಿದಳು. ನೂರಿಯಾಗೂ ಹಾಗೇ ಅನಿಸಿರಬಹುದು, ಅದಕ್ಕೇ ಆಗಲಿ ಎಂದಿರಬಹುದು ಎನಿಸಿತು. ಈ ಲೋಕದಲ್ಲಿ, ಕಾಯಿಲೆಯಾದ ಮೇಲೆ ಅವದ್‌ನ ಬಾಯಿಂದಲೇ ಆ ಹಾಡು ಕೇಳಿದವರು ತಾವಿಬ್ಬರೇ, ಒಬ್ಬಳು ಅಲ್ಲಿ, ಒಬ್ಬಳು ಇಲ್ಲಿ, ಇನ್ನು ಮಾತಾಡಲು ಕಾರಣವೂ ಉಳಿಯದವರು. ಹನಮವ್ವನ ಕೈ ಸೋತು ಫೋನು ಕಿವಿಯಿಂದ ಜಾರಿ ಮತ್ತೆ ಕೂತಿತು. ಚಂದಪ್ಪ ಕಣ್ಣು ಮುಚ್ಚಿದ್ದ, ಹೊರಗೆ ಸೋರಿದ ಆ ಸಣ್ಣ ದನಿಯನ್ನು ಕೇಳುತ್ತಿದ್ದ.

ಕೇಳದೆಯೇ ನೂರಿಯಾ ಮೂರನೆಯ ಸಲ ಹಾಡತೊಡಗಿದಳು. ಈಗ ಯಾರಿಗಾಗಿಯೂ ಅಲ್ಲದ ಹಾಗೆ, ನಿಧಾನವಾಗಿ. ಮೊದಲ ಸಾಲು. ಎರಡನೆಯದು. ಅಂಗೈಯಲ್ಲಿ ಉಳಿದದ್ದು ಎಂಬಲ್ಲಿಗೆ ಬಂದು, ತನಗೇ ಗೊತ್ತಿಲ್ಲದೆ, ನಿಂತಳು. ಊರೆಲ್ಲ ನಿಲ್ಲುವ ಕಡೆ ಅವಳ ಗಂಟಲೂ ನಿಲ್ಲಲು ಕಲಿತಿತ್ತು. ಒಂದು ಉಸಿರು ಹೋಯಿತು. ಎರಡು ಹೋದವು. ಅಳುತ್ತಿದ್ದಾಳೋ ಎನಿಸಿತು. ಅಳುವ ಸದ್ದಿರಲಿಲ್ಲ. ಬರೀ ಕಾಯುವ ಸದ್ದು.

"ಹಬ್ಲ್" ಎಂದಳು ಮಕ್ತುಮಬಿ.

ನೂರಿಯಾ ಅದನ್ನು ತೆಗೆದುಕೊಂಡು, ಧಾಟಿಗೆ ಹಾಕಿ, ಸಾಲನ್ನು ಕೊನೆಯವರೆಗೆ ಒಯ್ದು ಇಳಿಸಿದಳು. ಆಮೇಲೆ, ಇಡುತ್ತೇನೆ ಎಂದೂ ಅನ್ನದೆ, ಫೋನು ಇಟ್ಟಳು.

"ಏನಂದ್ರಿ ಸಿಸ್ಟರ್?" ಎಂದಳು ಹನಮವ್ವ, ಕತ್ತಲಾದ ಫೋನನ್ನು ಇನ್ನೂ ಅವಳ ಕಿವಿಗೇ ಹಿಡಿದುಕೊಂಡು.

"ಹಗ್ಗ ಅಂದ್ನಿರಿ."

"ಯಾತರ ಹಗ್ಗರಿ?"

ಮಕ್ತುಮಬಿ ಚಂದಪ್ಪನ ಪಾದವನ್ನು ಮೆಲ್ಲಗೆ ಹಾಸಿಗೆಯ ಮೇಲಿಳಿಸಿದಳು. ಅವನ ಕಾಲಿನ ಸೆಳೆತ ಬಿಟ್ಟಿತ್ತು. "ಭಾವ್ಯಾಗಿಂದು" ಎಂದು, ಮಷೀನಿನ ಎಳೆತವನ್ನು ಮತ್ತೆ ಮೊದಲಿನ ಅಂಕಿಗೆ ಏರಿಸಿದಳು.